ಒಂದೇ ಬೆಡ್ಡಿನ ಮೇಲೆ ಲೇತೂ ಮಿಲ್ಲಿಂಗೂ: ಮನೆಯ ವರ್ಕ್‌ಶಾಪಿಗೆ ಕಾಂಬೊ ಮಷಿನ್ ಆರಿಸುವ ಬಗೆ

ಜಾಬನ್ನು (ಕೆಲಸದ ತುಂಡನ್ನು) ತಿರುಗಿಸಿ ಕಡೆಯುವ ಲೇತೂ, ಕಟರನ್ನು ತಿರುಗಿಸಿ ಕೊರೆಯುವ ಮಿಲ್ಲಿಂಗೂ ಒಂದರಲ್ಲೇ ಇರುವುದು ಕಾಂಬೊ ಮಷಿನ್. ಅದನ್ನು ಮಾರುವವರು ಮೊದಲು ಕೈ ತೋರಿಸುವುದು ಮೇಲೆ ನಿಂತ ಮಿಲ್ಲಿಂಗ್ ಹೆಡ್ಡಿನ ಕಡೆಗೆ. ‘ಲೇತೂ ಆತು, ಮಿಲ್ಲಿಂಗೂ ಆತು, ಡ್ರಿಲ್ಲೂ ಆತ್ರಿ ಸರ, ಇನ್ನೇನ್ ಬೇಕು’ ಎಂಬ ಮಾತು ಅಲ್ಲಿಂದಲೇ ಶುರು. ಕೊಳ್ಳುವವರು ಬಗ್ಗಿ ನೋಡಬೇಕಾದದ್ದು ಅದರ ಕೆಳಗಿನ ಬೆಡ್ಡನ್ನು, ಅಂದರೆ ಎಲ್ಲವನ್ನೂ ಹೊತ್ತ ಉದ್ದನೆಯ ಎರಕದ ಪೀಠವನ್ನು. ಈ ಜಾತಿಯ ಮಷಿನ್ನುಗಳು ಮೂಲದಲ್ಲಿ ಲೇತುಗಳೇ. ಮಿಲ್ಲಿಂಗ್ ಹೆಡ್ ಆಮೇಲೆ ಹತ್ತಿ ಕೂತದ್ದು. ಲೇತ್ ಚಲೋ ಇದ್ದರೆ ಸಣ್ಣಪುಟ್ಟ ಮಿಲ್ಲಿಂಗ್ ತಾಳ್ಮೆಯಿಂದ ಮಾಡಿಕೊಳ್ಳಬಹುದು. ಲೇತೇ ಸರಿಯಿಲ್ಲದಿದ್ದರೆ ಎರಡೂ ಕೆಟ್ಟಂತೆ, ಯಾಕೆಂದರೆ ಟೂಲನ್ನು ಅಡ್ಡಕ್ಕೆ ಸರಿಸುವ ಲೇತಿನ ಕ್ರಾಸ್ ಸ್ಲೈಡೇ ಮಿಲ್ಲಿಂಗಿಗೆ ಟೇಬಲ್.

ಎರಡು ಬೇರೆ ಮಷಿನ್ನಿಗೆ ಜಾಗ, ದುಡ್ಡು ಎರಡೂ ಇದ್ದವರಿಗೆ ಕಾಂಬೊ ಬೇಡ. 10×12 ಅಡಿಯ ಒಂದು ಕೋಣೆ, ಒಂದೇ ಗೋಡೆ, ವಾರಕ್ಕೆ ಒಂದೆರಡು ದಿನದ ಕೆಲಸ ಇದ್ದವರಿಗೆ ಇದು ಹೊಂದುತ್ತದೆ. ಇನ್ನೊಂದು ಅನುಕೂಲ ನಮ್ಮ ಕಡೆಯವರಿಗೆ ಇದೆ. ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಇಲ್ಲೆಲ್ಲ ದೊಡ್ಡ ಮಷಿನ್ನುಗಳು ನಡೆಯುತ್ತಿವೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಜಾಬನ್ನು ಹೊರಗೆ ಕೊಟ್ಟು ಮಾಡಿಸಬಹುದು. ಅದೊಂದಕ್ಕಾಗಿ ಮನೆಗೆ ದೊಡ್ಡ ಮಷಿನ್ ತರಬೇಕಿಲ್ಲ.

ಮೊದಲು ಜಾಬ್, ಆಮೇಲೆ ಮಷಿನ್

ಕ್ಯಾಟಲಾಗ್ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಬರುವ ಎರಡು ವರ್ಷದಲ್ಲಿ ಮಾಡಬೇಕೆಂದಿರುವ ಹತ್ತು ಜಾಬ್ ಬರೆಯಿರಿ. ಪ್ರತಿಯೊಂದಕ್ಕೂ ಗರಿಷ್ಠ ವ್ಯಾಸ, ಉದ್ದ, ಲೋಹ, ಹಾಕಬೇಕಾದ ಥ್ರೆಡ್, ಮಿಲ್ಲಿಂಗ್ ಇದ್ದರೆ ಅದರ ಎತ್ತರ. ಬೈಕಿನ ಸ್ವಿಂಗ್ ಆರ್ಮ್ ಬುಶ್, ಸ್ಪ್ರೇಯರ್ ಪಂಪಿನ ರಾಡ್, ಕೂರಿಗೆಯ ಪಿನ್ನು, ಬೆಟಗೇರಿಯ ಮಗ್ಗದ ಬುಶ್, ಮಾಡೆಲ್ ಎಂಜಿನ್ನಿನ ಸಿಲಿಂಡರ್, ಇವೆಲ್ಲ 60 ಮಿ.ಮೀ. ವ್ಯಾಸ, 150 ಮಿ.ಮೀ. ಉದ್ದದ ಒಳಗೇ ಮುಗಿಯುತ್ತವೆ. ಖಾರ ಕುಟ್ಟುವ ಮಷಿನ್ನಿನ ಶಾಫ್ಟ್, ಹಿಟ್ಟಿನ ಗಿರಣಿಯ ಶಾಫ್ಟ್ ಪಟ್ಟಿಯಲ್ಲಿದ್ದರೆ ಗೆರೆ ಎಳೆದು ಹೊರಗಿಡಿ. ಅವು ಆರು ಫೂಟಿನ ಲೇತಿನ ಕೆಲಸ. ಪಟ್ಟಿಯಲ್ಲಿ ಮಿಲ್ಲಿಂಗ್ ಜಾಬುಗಳೇ ಅರ್ಧಕ್ಕಿಂತ ಹೆಚ್ಚು ಬಂದರೆ, ಅದರಲ್ಲೂ ಪ್ಲೇಟ್ ಕೆಲಸ ಜಾಸ್ತಿ ಇದ್ದರೆ, ನಿಮಗೆ ಬೇಕಾಗಿರುವುದು ಕಾಂಬೊ ಅಲ್ಲ, ಬೆಂಚ್ ಮಿಲ್.

ಯಾವ ಯಾವ ಬಗೆ ಇವೆ

ಒಂದನೆಯದು ತಿರುಗುವ ಸ್ಪಿಂಡಲ್ ಇರುವ ಪೆಟ್ಟಿಗೆಯ, ಅಂದರೆ ಹೆಡ್‌ಸ್ಟಾಕಿನ ತಲೆಯ ಮೇಲೆಯೇ ಮಿಲ್ಲಿಂಗಿನ ಕಂಬ (ಕಾಲಂ) ನಿಂತದ್ದು. ಕ್ರಾಸ್ ಸ್ಲೈಡ್ ಅಗಲವಾಗಿ, ಟಿ-ಸ್ಲಾಟ್ (ಬೋಲ್ಟ್ ಕೂರಿಸುವ ತೋಡು) ಸಮೇತ ಟೇಬಲ್ಲಿನಂತೆ ಇರುತ್ತದೆ. ಚೀನಾದಿಂದ ಬರುವ ‘ತ್ರೀ-ಇನ್-ಒನ್’ ಮಷಿನ್ನುಗಳು ಹೆಚ್ಚಾಗಿ ಈ ಬಗೆಯವು. ಎರಡನೆಯದು ಸಾದಾ ಬೆಂಚ್ ಲೇತಿನ ಬೆಡ್ಡಿನ ಹಿಂದೆ ಬೇರೆ ಕಾಲಂ ಬೋಲ್ಟ್ ಮಾಡಿದ್ದು. ಇದರಲ್ಲಿ ಲೇತ್ ಲೇತಾಗಿಯೇ ಉಳಿದಿರುತ್ತದೆ, ಮಿಲ್ಲಿಂಗ್ ಸ್ವಲ್ಪ ಬಡವಾಗುತ್ತದೆ. ಬೇಡವಾದರೆ ಕಾಲಂ ಬಿಚ್ಚಿಡಬಹುದು. ಮನೆಗೆ ಈ ಎರಡನೆಯದೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ, ಕಾರಣ ಮುಂದೆ ಬರುತ್ತದೆ.

ಮೂರನೆಯ ದಾರಿಯನ್ನು ಮಾರುವವರು ಹೇಳುವುದಿಲ್ಲ, ಯಾಕೆಂದರೆ ಅದರಲ್ಲಿ ಅವರಿಗೆ ಏನೂ ಉಳಿಯುವುದಿಲ್ಲ: ಒಳ್ಳೆಯ ಲೇತ್ ಒಂದನ್ನೇ ತಂದು, ಅದರ ಕ್ರಾಸ್ ಸ್ಲೈಡಿನ ಮೇಲೆ ಜಾಬನ್ನು ಮೇಲೆ ಕೆಳಗೆ ಸರಿಸುವ ವರ್ಟಿಕಲ್ ಸ್ಲೈಡ್ ಕೂರಿಸುವುದು. ಕಟರ್ ಲೇತಿನ ಸ್ಪಿಂಡಲ್ಲಿನಲ್ಲಿ, ಜಾಬ್ ಸ್ಲೈಡಿನ ವೈಸಿನಲ್ಲಿ. ಕೀವೇ (ಶಾಫ್ಟಿನಲ್ಲಿ ಕೀ ಕೂರುವ ತೋಡು), ಚಪ್ಪಟೆ ಮುಖ, ಸಣ್ಣ ಸ್ಲಾಟ್ ಇಷ್ಟೇ ಬೇಕಿದ್ದವರಿಗೆ ಧಾರಾಳವಾಗಿ ಸಾಕು. ಪಟ್ಟಿಯ ಹತ್ತರಲ್ಲಿ ಮಿಲ್ಲಿಂಗ್ ಎರಡೇ ಇದ್ದರೆ ಕಾಂಬೊ ವಿಚಾರ ಬಿಟ್ಟು ಇದನ್ನೇ ಮಾಡಿ.

ಹಳೆಯ ಮಷಿನ್ ಹುಡುಕುವವರಿಗೆ ಒಂದು ಮಾತು. ತುಂಗಭದ್ರೆಯ ಆಚೆ ದಂಡೆಯ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ಕಾರ್ಖಾನೆ ನಿಂತ ಮೇಲೂ ಓಡುತ್ತಲೇ ಇವೆ. ಎರಕ, ಬೆಡ್ ಎರಡೂ ಗಟ್ಟಿ. ಆದರೆ ಅವು ಮನೆಯ ಕೋಣೆಗೆ ಭಾರ, ಬೇಡುವುದು ಮೂರು ಫೇಸ್ ಕರೆಂಟು. ನೆಲಮಟ್ಟದ ಶೆಡ್ ಇದ್ದವರು ಯೋಚಿಸಬಹುದು.

ಸ್ಪಿಂಡಲ್ಲಿನಿಂದ ಟೇಬಲ್ಲಿಗೆ ಎಷ್ಟು

ಕಾಂಬೊ ಕೊಂಡು ಪಶ್ಚಾತ್ತಾಪ ಪಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಕ್ಯಾಟಲಾಗಿನಲ್ಲಿ ‘ಸ್ಪಿಂಡಲ್ ಮೂತಿಯಿಂದ ಟೇಬಲ್ಲಿಗೆ 300 ಮಿ.ಮೀ.’ ಎಂದಿರುತ್ತದೆ. ಕೇಳಲು ದೊಡ್ಡದು. ಕೂಡಿಸಿ ನೋಡಿ: ವೈಸಿನ ಎತ್ತರ 75, ಅದರ ಮೇಲೆ ಎದ್ದ ಜಾಬ್ 40, ಡ್ರಿಲ್ ಚಕ್ ತನ್ನ ಆರ್ಬರ್ (ಸ್ಪಿಂಡಲ್ಲಿಗೆ ಸೇರಿಸುವ ದಂಡ) ಸಮೇತ ಕೆಳಗೆ ಇಳಿಯುವುದು ಸುಮಾರು 95, ಚಕ್ಕಿನಿಂದ ಹೊರಗೆ ಚಾಚಿದ ಡ್ರಿಲ್ 95. ಒಟ್ಟು 305. ಅಂದರೆ 40 ಮಿ.ಮೀ. ಜಾಬಿಗೆ 10 ಮಿ.ಮೀ. ತೂತು ಹಾಕುವುದಕ್ಕೇ 300 ಮಿ.ಮೀ. ಮಷಿನ್ ಸಾಲದು, 10 ಮಿ.ಮೀ. ಸಾದಾ ಜಾಬರ್ ಡ್ರಿಲ್ಲಿನ ಪೂರ್ತಿ ಉದ್ದವೇ 133 ಮಿ.ಮೀ. ಅದೇ ಜಾಬಿಗೆ ಎಂಡ್ ಮಿಲ್ (ತುದಿಯಿಂದಲೂ ಬದಿಯಿಂದಲೂ ಕೊರೆಯುವ ಕಟರ್) ಹಾಕಿದರೆ ಲೆಕ್ಕ 75 + 40 + ಕಟರನ್ನು ಸುತ್ತಲಿಂದ ಒತ್ತಿ ಹಿಡಿಯುವ ಕಾಲೆಟ್ ಚಕ್ 60 + ಕಟರ್ 40, ಒಟ್ಟು 215. ಇದು ಆರಾಮ. ಡ್ರಿಲ್ಲನ್ನು ಡ್ರಿಲ್ ಚಕ್ಕಿನ ಬದಲು ಕಾಲೆಟ್ ಚಕ್ಕಿನಲ್ಲಿ ಹಿಡಿದರೆ 270ಕ್ಕೆ ಇಳಿಯುತ್ತದೆ. ಗಿಡ್ಡ ಸ್ಟಬ್ ಡ್ರಿಲ್ ತಂದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಇದರ ತಲೆಕೆಳಗಾದ ತೊಂದರೆಯೂ ಉಂಟು. ಹೆಡ್ ಪೂರ್ತಿ ಕೆಳಗೆ ಇಳಿಸಿ, ಕ್ವಿಲ್ (ಸ್ಪಿಂಡಲ್ಲನ್ನು ಕೆಳಗಿಳಿಸುವ ಕೊಳವೆ) ಪೂರ್ತಿ ಚಾಚಿದಾಗ ಸ್ಪಿಂಡಲ್ ಮೂತಿ ಟೇಬಲ್ಲಿಗೆ ಎಷ್ಟು ಹತ್ತಿರ ಬರುತ್ತದೆ ಎಂದು ಅಳೆಯಿರಿ. ಕೆಲವದರಲ್ಲಿ ಟೇಬಲ್ಲಿಗೆ ನೇರ ಕ್ಲ್ಯಾಂಪ್ ಮಾಡಿದ 10 ಮಿ.ಮೀ. ಪ್ಲೇಟಿಗೆ ಕಟರ್ ಮುಟ್ಟುವುದೇ ಇಲ್ಲ, ಕೆಳಗೆ ಬ್ಲಾಕ್ ಕೊಡಬೇಕಾಗುತ್ತದೆ. ಮುಟ್ಟಿದರೂ ಕ್ವಿಲ್ ಪೂರ್ತಿ ಹೊರಗಿರುವಾಗ ಕಟ್ ಮಾಡಿದರೆ ಚಾಟರ್ (ಕಟರಿನ ನಡುಕ) ತಪ್ಪಿದ್ದಲ್ಲ.

ಮೊದಲ ಬಗೆಯ ಮಷಿನ್ನಿನ ಮೇಲೆ ನಮಗಿರುವ ತಕರಾರು ಇಲ್ಲಿಯೇ ಹುಟ್ಟುವುದು. ಮಿಲ್ಲಿಂಗಿಗೆ ಎತ್ತರ ಸಿಗಲಿ ಎಂದು ಕ್ರಾಸ್ ಸ್ಲೈಡನ್ನು ತಗ್ಗಿನಲ್ಲಿಟ್ಟು ಲೇತಿನ ಸೆಂಟರನ್ನು (ಜಾಬ್ ತಿರುಗುವ ನಡುಗೆರೆಯನ್ನು) ಎತ್ತರಿಸಿರುತ್ತಾರೆ. ಸ್ವಿಂಗ್ (ತಿರುವಬಹುದಾದ ಅತಿ ದೊಡ್ಡ ವ್ಯಾಸ) 400 ಮಿ.ಮೀ. ದಾಟಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆಯಲು ಅದು ಅನುಕೂಲ. ಆದರೆ 20 ಮಿ.ಮೀ. ರಾಡ್ ತಿರುವಲು ಕೂತಾಗ ಟೂಲ್ ಸೆಂಟರ್ ಎತ್ತರಕ್ಕೆ ಬರಬೇಕಾದರೆ ಟೂಲ್‌ಪೋಸ್ಟ್ ಕೆಳಗೆ ದಪ್ಪ ಬ್ಲಾಕ್ ಬೇಕು. ಎತ್ತರದ ಕಂಬದ ತುದಿಯಲ್ಲಿ ಟೂಲ್ ಹಿಡಿದಂತೆ ಅದು; ಪಾರ್ಟಿಂಗ್ (ಜಾಬನ್ನು ಕತ್ತರಿಸಿ ಬೇರ್ಪಡಿಸುವುದು) ಮಾಡುವಾಗ ಮೊದಲು ಕಿರುಚುತ್ತದೆ, ಆಮೇಲೆ ಬ್ಲೇಡ್ ಮುರಿಯುತ್ತದೆ. ಬೆಡ್ಡಿನ ಅಗಲ ಸ್ವಿಂಗಿನ ಅರ್ಧಕ್ಕಿಂತ ತೀರ ಕಡಿಮೆ ಇದ್ದರೆ ಆ ಸ್ವಿಂಗನ್ನು ನಂಬಬೇಡಿ. ‘ಬೆಡ್ ಮೇಲಿನ ಸ್ವಿಂಗ್’ ಬಿಟ್ಟು ‘ಕ್ರಾಸ್ ಸ್ಲೈಡ್ ಮೇಲಿನ ಸ್ವಿಂಗ್’ ಎಷ್ಟು ಎಂದು ಕೇಳಿ. ಉದ್ದದ ಜಾಬಿಗೆ ಲೆಕ್ಕಕ್ಕೆ ಬರುವುದು ಅದೊಂದೇ.

ಕಾಲಂ ದುಂಡಗಿದೆಯೋ, ಡವ್‌ಟೇಲ್ ಇದೆಯೋ

ದುಂಡನೆಯ ಕಾಲಮ್ಮಿನ ಹೆಡ್ಡನ್ನು ಮೇಲೆ ಕೆಳಗೆ ಮಾಡಲು ಕ್ಲ್ಯಾಂಪ್ ಸಡಿಲಿಸಿದ ಕೂಡಲೇ ಅದು ಎಡಬಲಕ್ಕೆ ತಿರುಗುತ್ತದೆ. ಸೆಂಟರ್ ಡ್ರಿಲ್ಲಿನಿಂದ ಗುರುತು ಮಾಡಿ, ಉದ್ದನೆಯ ಡ್ರಿಲ್ ಹಾಕಲು ಹೆಡ್ ಎತ್ತಿದಿರೋ, ಆ ಜಾಗ ಕಳೆಯಿತು. ಮತ್ತೆ ಎಡ್ಜ್ ಫೈಂಡರ್ ಹಿಡಿದು ಹುಡುಕಬೇಕು. ಡವ್‌ಟೇಲ್ (ಹೆಡ್ ತಿರುಗದಂತೆ ಹಿಡಿಯುವ ಓರೆ ಅಂಚಿನ ಜಾರುಹಳಿ) ಇರುವ ಚೌಕ ಕಾಲಂನಲ್ಲಿ ಈ ಕಾಟವಿಲ್ಲ. ಬೆಲೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಕಣ್ಣುಮುಚ್ಚಿ ಡವ್‌ಟೇಲ್ ತೆಗೆದುಕೊಳ್ಳಿ. ದುಂಡು ಕಾಲಮ್ಮೇ ಗತಿ ಎಂದಾದರೆ, ಒಂದು ತೂತಿಗೆ ಬೇಕಾದ ಎಲ್ಲ ಟೂಲುಗಳೂ ಕ್ವಿಲ್ ಓಡುವ ಅಂತರದೊಳಗೇ ಬದಲಾಗುವಂತೆ ಹೆಡ್ಡಿನ ಎತ್ತರ ಮೊದಲೇ ಗೊತ್ತುಮಾಡಿಕೊಳ್ಳುವ ಅಭ್ಯಾಸ ಬೇಕು.

ಮಿಲ್ಲಿಂಗ್ ಸ್ಪಿಂಡಲ್ಲಿನ ಟೇಪರ್ (ಟೂಲ್ ಕೂರುವ ಓರೆ ತೂತು) ಸಾಮಾನ್ಯವಾಗಿ ಎಂಟಿ-3 (ಮೋರ್ಸ್ ಟೇಪರ್ 3) ಇಲ್ಲವೇ ಆರ್-8. ಎಂಟಿ-3 ತಾನೇ ಕಚ್ಚಿಕೊಳ್ಳುವ ಟೇಪರ್. ಬಿಡಿಸಬೇಕಾದರೆ ಡ್ರಾಬಾರ್ (ಟೂಲನ್ನು ಮೇಲಿಂದ ಎಳೆದು ಹಿಡಿಯುವ ಉದ್ದ ಬೋಲ್ಟ್) ಒಂದು ಸುತ್ತು ಸಡಿಲಿಸಿ ತಲೆಗೆ ತಾಮ್ರದ ಸುತ್ತಿಗೆಯಿಂದ ತಟ್ಟಬೇಕು, ಪ್ರತಿ ತಟ್ಟೂ ಬೇರಿಂಗಿಗೆ ಹೋಗುತ್ತದೆ. ಆರ್-8 ಸಲೀಸಾಗಿ ಬಿಡುತ್ತದೆ. ಹಾಗೆಂದು ಇದೊಂದಕ್ಕಾಗಿ ಒಳ್ಳೆಯ ಮಷಿನ್ ಬಿಡಬೇಕಾಗಿಲ್ಲ: ಎಂಟಿ-3 ಇದ್ದರೆ ಒಂದು ಇಆರ್-32 ಕಾಲೆಟ್ ಚಕ್ ಹಾಕಿ ಅಲ್ಲಿಯೇ ಬಿಟ್ಟುಬಿಡಿ, 20 ಮಿ.ಮೀ.ವರೆಗಿನ ಎಲ್ಲ ಕಟರೂ ಅದರಲ್ಲೇ ನಿಲ್ಲುತ್ತವೆ. ಎಂಡ್ ಮಿಲ್ಲನ್ನು ಡ್ರಿಲ್ ಚಕ್ಕಿನಲ್ಲಿ ಮಾತ್ರ ಎಂದೂ ಹಿಡಿಯಬೇಡಿ. ಶ್ಯಾಂಕ್ (ಕಟರಿನ ಹಿಡಿಕೆ) ಗಡುಸು, ಚಕ್ಕಿನ ಜಾ (ಹಿಡಿಯುವ ದವಡೆ) ಕೂಡ ಗಡುಸು. ಕಟರಿನ ಹೆಲಿಕ್ಸ್ (ಸುರುಳಿ ಅಂಚು) ಅದನ್ನು ಕೆಳಕ್ಕೆ ಎಳೆಯುತ್ತದೆ, ನೋಡನೋಡುತ್ತ ಸ್ಲಾಟಿನ ಆಳ ತಾನಾಗಿ ಹೆಚ್ಚುತ್ತದೆ.

ಬೋರು, ಸ್ಪೀಡು, ಥ್ರೆಡ್ಡು

ಸ್ಪಿಂಡಲ್ ಬೋರ್ 25 ಮಿ.ಮೀ. ಎಂದು ಬರೆದದ್ದನ್ನು ನೋಡಿ ‘ಒಂದಿಂಚಿನ ರಾಡ್ ಹೋಗತೈತಿ’ ಎಂದುಕೊಳ್ಳಬೇಡಿ. ಇಂಚು 25.4. ನಮ್ಮ ಬಜಾರಿನಲ್ಲಿ ರಾಡ್ ಇನ್ನೂ ಇಂಚು, ಸೂತದ ಲೆಕ್ಕದಲ್ಲೇ ಸಿಗುವುದರಿಂದ ಬೋರ್ ಕನಿಷ್ಠ 26 ಇರಲಿ, 38 ಸಿಕ್ಕರೆ ಬಿಡಬೇಡಿ. ಬೋರ್ ಸಣ್ಣದಾದರೆ ಪ್ರತಿ ಬುಶ್‌ಗೂ ರಾಡನ್ನು ಹ್ಯಾಕ್ಸಾದಿಂದ ತುಂಡು ಮಾಡಿಕೊಳ್ಳಬೇಕು.

ಸ್ಪೀಡಿನ ಲೆಕ್ಕ ಸರಳ: 1000ವನ್ನು ಕಟಿಂಗ್ ಸ್ಪೀಡಿನಿಂದ ಗುಣಿಸಿ, ವ್ಯಾಸದ 3.14 ಪಟ್ಟಿನಿಂದ ಭಾಗಿಸಿ. ಎಂ.ಎಸ್. (ಮೈಲ್ಡ್ ಸ್ಟೀಲ್) ಲೋಹಕ್ಕೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ ನಿಮಿಷಕ್ಕೆ 25 ಮೀಟರ್ ಹಿಡಿದರೆ 100 ಮಿ.ಮೀ. ವ್ಯಾಸಕ್ಕೆ 80 ಆರ್‌ಪಿಎಂ, 25 ಮಿ.ಮೀ.ಗೆ 320, 10 ಮಿ.ಮೀ. ಎಂಡ್ ಮಿಲ್ಲಿಗೆ 800, 6 ಮಿ.ಮೀ.ಗೆ 1,300. ಮೇಲಿನ ತುದಿ ಬಹುತೇಕ ಮಷಿನ್ನುಗಳಲ್ಲಿ ಸಿಗುತ್ತದೆ. ಸಿಗದಿರುವುದು ಕೆಳಗಿನ ತುದಿ. ಅತಿ ಕಡಿಮೆ ಸ್ಪೀಡೇ 150 ಎಂದಿದ್ದರೆ 100 ಮಿ.ಮೀ. ಎರಕದ ಚಕ್ರ ತಿರುವಿದಾಗ ಟೂಲ್ ಸುಡುತ್ತದೆ, ಶೋಲ್ಡರ್‌ವರೆಗೆ ಥ್ರೆಡ್ ಹಾಕುವಾಗ ಟೂಲಿನ ಓಟ ನಿಲ್ಲಿಸುವ ಹಾಫ್ ನಟ್ಟಿಗೆ ಕೈ ಹೋಗುವುದರೊಳಗೆ ಟೂಲ್ ಶೋಲ್ಡರಿಗೆ ಬಡಿದಿರುತ್ತದೆ. 50ರಿಂದ 70 ಆರ್‌ಪಿಎಂ ಬೆಲ್ಟ್ ಬದಲಿಸಿ ಸಿಗಬೇಕು. ಎಲೆಕ್ಟ್ರಾನಿಕ್ ನಾಬ್ ತಿರುಗಿಸಿ ಇಳಿಸಿದ ಸ್ಪೀಡಿನಲ್ಲಿ ಬಲ ಇರುವುದಿಲ್ಲ. ಬೆಲ್ಟ್ ಅಥವಾ ಗೇರಿನಿಂದ ಇಳಿಸಿದರೆ ಬಲ ಏರುತ್ತದೆ.

ಥ್ರೆಡ್ಡಿಗೆ ಮಷಿನ್ ಜೊತೆ ಬರುವ ಚೇಂಜ್ ಗೇರುಗಳನ್ನು (ಪಿಚ್ ಬದಲಿಸಲು ಹಾಕುವ ಗೇರುಗಳನ್ನು) ಎಣಿಸಿ, ಹಲ್ಲು ಸಂಖ್ಯೆ ಬರೆದುಕೊಳ್ಳಿ. 1, 1.25, 1.5, 1.75, 2 ಮಿ.ಮೀ. ಪಿಚ್ ಬರಲೇಬೇಕು. ನಮ್ಮ ಕಡೆ ಬೋರ್‌ವೆಲ್, ಡ್ರಿಪ್, ಪಂಪ್ ಕೆಲಸ ಬಂದೇ ಬರುವುದರಿಂದ ಬಿಎಸ್‌ಪಿ (ಬ್ರಿಟಿಷ್ ಪೈಪ್) ಥ್ರೆಡ್ಡೂ ಬೇಕು: ಅರ್ಧ, ಮುಕ್ಕಾಲು ಇಂಚಿನ ಪೈಪಿಗೆ ಪ್ರತಿ ಇಂಚಿನಲ್ಲಿ 14 ಥ್ರೆಡ್, ಒಂದರಿಂದ ಎರಡಿಂಚಿನವರೆಗೆ 11. ಥ್ರೆಡ್ ಹಾಕುವಾಗ ಟೂಲನ್ನು ನಡೆಸುವ ಮೆಟ್ರಿಕ್ ಲೀಡ್ ಸ್ಕ್ರೂ ಮೇಲೆ ಇಂಚಿನ ಥ್ರೆಡ್ ನಿಖರವಾಗಿ ಬರಬೇಕಾದರೆ 127 ಹಲ್ಲಿನ ಗೇರ್ ಬೇಕು, ಯಾಕೆಂದರೆ 25.4ರ ಐದು ಪಟ್ಟು 127. ಅದಿಲ್ಲದೆ ಹತ್ತಿರದ ಜೋಡಣೆಯಿಂದಲೂ ಹಾಕಬಹುದು, ಗಿಡ್ಡ ಪೈಪ್ ಥ್ರೆಡ್ಡಿಗೆ ಅಷ್ಟು ಸಾಕು. ಮೆಟ್ರಿಕ್ ಸ್ಕ್ರೂ ಮೇಲೆ ಇಂಚಿನ ಥ್ರೆಡ್ ಹಾಕುವಾಗ ಹಾಫ್ ನಟ್ ಬಿಡಬಾರದು; ಟೂಲ್ ಹಿಂದಕ್ಕೆಳೆದು ಮೋಟಾರ್ ಉಲ್ಟಾ ತಿರುಗಿಸಿ ವಾಪಸ್ ತರಬೇಕು. ಆದ್ದರಿಂದ ರಿವರ್ಸ್ ಸ್ವಿಚ್ ಇದೆಯೇ, ಚಕ್ ಥ್ರೆಡ್ಡಿನ ಮೇಲೆ ಕೂತಿದೆಯೋ ಫ್ಲ್ಯಾಂಜಿನ ಮೇಲೋ ನೋಡಿಕೊಳ್ಳಿ. ಥ್ರೆಡ್ಡಿನ ಮೇಲಿನ ಚಕ್ ಜೋರಾಗಿ ಉಲ್ಟಾ ತಿರುಗಿದರೆ ಬಿಚ್ಚಿಕೊಂಡು ಬೆಡ್ ಮೇಲೆ ಬೀಳುತ್ತದೆ.

ನೋಡಲು ಹೋಗುವಾಗ ಡಯಲ್ ಗೇಜ್ ಒಯ್ಯಿರಿ

0.01 ಮಿ.ಮೀ.ಯ ಡಯಲ್ ಗೇಜ್, ಮ್ಯಾಗ್ನೆಟಿಕ್ ಬೇಸ್, 0–25 ಮೈಕ್ರೋಮೀಟರ್, ವರ್ನಿಯರ್, 25 ಮಿ.ಮೀ.ಗಿಂತ ತುಸು ದಪ್ಪ ಎಂ.ಎಸ್. ರಾಡಿನ 250 ಮಿ.ಮೀ. ಉದ್ದದ ಎರಡು ತುಂಡು. ಇಷ್ಟನ್ನು ಚೀಲದಲ್ಲಿ ಹಾಕಿಕೊಂಡು ಹೋದವರನ್ನು ಮಾರುವವರು ಬೇರೆಯದೇ ರೀತಿಯಲ್ಲಿ ಮಾತನಾಡಿಸುತ್ತಾರೆ. ಮಷಿನ್ ಓಡಿಸಿ ತೋರಿಸಲು ಒಪ್ಪದವರಿಂದ ಹೊಸದೂ ಬೇಡ, ಹಳೆಯದೂ ಬೇಡ.

ಮೊದಲು ಲೇತಿನ ಸ್ಪಿಂಡಲ್. ಚಕ್ ತೆಗೆಸಿ, ಡಯಲ್ಲಿನ ಮೂತಿಯನ್ನು ಒಳಗಿನ ಟೇಪರಿಗೆ ಆನಿಸಿ ಕೈಯಿಂದ ತಿರುಗಿಸಿ. 0.01ರೊಳಗಿರಬೇಕು. ಆಮೇಲೆ ಬೋರಿನಲ್ಲಿ ಕಟ್ಟಿಗೆಯ ತುಂಡು ಇಟ್ಟು ಮೇಲೆ ಕೆಳಗೆ ಮೀಟಿ; 0.02 ದಾಟಿ ಅಲುಗಿದರೆ ಬೇರಿಂಗ್ ಸಡಿಲ. ಮೂರು ಜಾ ಚಕ್ಕಿನಲ್ಲಿ ರಾಡ್ ಹಿಡಿದು ತಿರುಗಿಸಿ 0.06 ಬಂತೆಂದು ಮಷಿನ್ ತಿರಸ್ಕರಿಸಬೇಡಿ. ಅದು ಚಕ್ಕಿನ ದೋಷ, ಸ್ಪಿಂಡಲ್ಲಿನದಲ್ಲ, ಚಕ್ ಬದಲಿಸಬಹುದು.

ಹಳೆಯ ಮಷಿನ್ನಾದರೆ ಬೆಡ್ ಸವೆತ ಪತ್ತೆಹಚ್ಚುವ ಹಳೆಯ ಉಪಾಯ ಇದು: ಕ್ಯಾರೇಜನ್ನು (ಬೆಡ್ ಮೇಲೆ ಟೂಲನ್ನು ಹೊತ್ತು ಓಡುವ ಭಾಗ) ಚಕ್ಕಿನ ಹತ್ತಿರ ತಂದು ಅದರ ಲಾಕ್ ಸ್ಕ್ರೂವನ್ನು ತುಸು ಬಿಗಿ ಹತ್ತುವಷ್ಟು ಮಾತ್ರ ತಿರುಗಿಸಿ, ನಂತರ ಟೇಲ್‌ಸ್ಟಾಕ್ (ಬೆಡ್ಡಿನ ಇನ್ನೊಂದು ತುದಿಯಲ್ಲಿ ಜಾಬಿಗೆ ಆಸರೆ ಕೊಡುವ ಭಾಗ) ಕಡೆಗೆ ನಡೆಸಿ. ಅರ್ಧ ದಾರಿಯಲ್ಲಿ ಸಿಕ್ಕಿಬಿದ್ದರೆ ಚಕ್ಕಿನ ಬಳಿ ಬೆಡ್ ಸವೆದಿದೆ ಎಂದರ್ಥ. ಹೆಚ್ಚಿನ ಜಾಬುಗಳು ಅಲ್ಲೇ ಆಗುವುದರಿಂದ ಸವೆಯುವುದೂ ಅಲ್ಲೇ. ಹೊಸ ಬಣ್ಣ ಹೊಡೆದ ಮಷಿನ್ನಿಗೆ ಈ ಪರೀಕ್ಷೆ ಕಡ್ಡಾಯ. ಬಣ್ಣ ಬೆಡ್ಡಿಗೆ ಹತ್ತುವುದಿಲ್ಲ.

ಇನ್ನು ಎರಡು ಕಾಲರ್ ಪರೀಕ್ಷೆ. ರಾಡನ್ನು ಚಕ್ಕಿನಿಂದ 150 ಮಿ.ಮೀ. ಹೊರಚಾಚಿ ಹಿಡಿಯಿರಿ, ಟೇಲ್‌ಸ್ಟಾಕ್ ಕೊಡಬೇಡಿ. ನಡುವಿನ ಭಾಗವನ್ನು ಒಂದು ಮಿ.ಮೀ. ಕಡಿಮೆ ಮಾಡಿ, ಎರಡು ತುದಿಯಲ್ಲಿ 15 ಮಿ.ಮೀ. ಅಗಲದ ಕಾಲರ್ ಉಳಿಸಿ, 25 ಮಿ.ಮೀ.ಗಿಂತ ತುಸು ಕೆಳಗೆ ತಂದುಕೊಳ್ಳಿ. ಹರಿತವಾದ ಎಚ್‌ಎಸ್‌ಎಸ್ ಟೂಲಿನಿಂದ 0.05 ಆಳದ ಒಂದೇ ಕಟ್, ಎರಡೂ ಕಾಲರಿಗೆ, ಕ್ರಾಸ್ ಸ್ಲೈಡ್ ಮುಟ್ಟದೆ. ಮೈಕ್ರೋಮೀಟರಿನಲ್ಲಿ ಎರಡರ ವ್ಯತ್ಯಾಸ 0.02ರೊಳಗಿದ್ದರೆ ಲೇತ್ ಬಹಳ ಚಲೋ. 0.05 ಬಂದರೂ ಗಾಬರಿ ಬೇಡ, ಸ್ಟ್ಯಾಂಡ್ ಸರಿ ಕೂತಿಲ್ಲದಿದ್ದರೆ ಬೆಡ್ ತಿರುಚಿ ಹೀಗೆ ಬರುತ್ತದೆ. ಕಟ್ ಆಳವಾದರೆ ರಾಡೇ ಬಾಗಿ ಹೊರತುದಿ ದಪ್ಪ ಬರುತ್ತದೆ, ಅದನ್ನು ಮಷಿನ್ನಿನ ತಲೆಗೆ ಕಟ್ಟಬಾರದು.

ಮಿಲ್ಲಿಂಗ್ ಕಡೆಗೆ ಬನ್ನಿ. ಸ್ಪಿಂಡಲ್ಲಿಗೆ ಡಯಲ್ ಕಟ್ಟಿ ಟೇಬಲ್ಲಿನ ಮೇಲೆ 150 ಮಿ.ಮೀ. ವ್ಯಾಸದ ಸುತ್ತು ಹಾಕಿಸಿ. ಎಡಬಲ ವ್ಯತ್ಯಾಸವನ್ನು ಹೆಡ್ ವಾಲಿಸಿ ಸರಿಮಾಡಬಹುದು. ಹಿಂದುಮುಂದಿನ ವ್ಯತ್ಯಾಸಕ್ಕೆ ಈ ಮಷಿನ್ನುಗಳಲ್ಲಿ ಸ್ಕ್ರೂ ಇರುವುದಿಲ್ಲ, ಕಾಲಂ ಬುಡಕ್ಕೆ ಶಿಮ್ (ತೆಳು ಲೋಹದ ಪಟ್ಟಿ) ಕೊಡುವುದೇ ದಾರಿ, 0.05ಕ್ಕಿಂತ ಹೆಚ್ಚಿದ್ದರೆ ಮಾರುವವರ ಕೈಯಲ್ಲೇ ಕೊಡಿಸಿ. ಆಮೇಲೆ ಡಯಲ್ ಬೇಸನ್ನು ಟೇಬಲ್ಲಿನ ಮೇಲಿಟ್ಟು ಮೂತಿಯನ್ನು ಸ್ಪಿಂಡಲ್ಲಿಗೆ ಆನಿಸಿ, ಹೆಡ್ಡನ್ನು ಅಂಗೈಯಿಂದ ಒತ್ತಿ. ಮುಳ್ಳು ಎಷ್ಟು ಓಡುತ್ತದೆ, ಕೈ ಬಿಟ್ಟ ಮೇಲೆ ಸೊನ್ನೆಗೆ ಮರಳುತ್ತದೆಯೇ ನೋಡಿ. ಮರಳಿದರೆ ಅದು ಎರಕದ ಸ್ಪ್ರಿಂಗ್, ಸಹಿಸಬಹುದು. ಮರಳದೆ ನಿಂತರೆ ಎಲ್ಲೋ ಪ್ಲೇ (ಸಡಿಲ) ಇದೆ, ಗಿಬ್ (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ) ಬಿಗಿಸಿ ಮತ್ತೆ ನೋಡಬೇಕು.

ಕೊನೆಗೆ ಕೀವೇ. ಇನ್ನೊಂದು ರಾಡ್ ತುಂಡನ್ನು ವೈಸಿಗೆ ಕಟ್ಟಿ 8 ಮಿ.ಮೀ. ಎಂಡ್ ಮಿಲ್ಲಿನಿಂದ 4 ಮಿ.ಮೀ. ಆಳ, 40 ಉದ್ದದ ಕೀವೇ ತೆಗೆಸಿ, ಒಂದು ಪಾಸಿಗೆ 0.5. 25 ಮಿ.ಮೀ. ಶಾಫ್ಟಿಗೆ ಬರುವ ಅಳತೆ ಅದೇ. ಸ್ಲಾಟ್ ಅಗಲ 8.10 ಮೀರಿದರೆ ಎಲ್ಲೋ ಸಡಿಲ ಇದೆ, ಇಲ್ಲವೇ ಕಟರ್ ಓಲಾಡುತ್ತಿದೆ. ಗೋಡೆಯಲ್ಲಿ ಗೀರುಗೀರು ಅಲೆ ಕಂಡರೆ ಹೆಡ್ ನಡುಗುತ್ತಿದೆ. ಬರೀ ಕ್ಯಾಟಲಾಗ್ ಓದಿದ್ದಕ್ಕಿಂತ ಈ ಹತ್ತು ನಿಮಿಷ ಹೆಚ್ಚು ಹೇಳುತ್ತದೆ.

ಕ್ರಾಸ್ ಸ್ಲೈಡ್ ಹ್ಯಾಂಡಲ್ಲಿನಲ್ಲಿ 0.1ರಿಂದ 0.2ರವರೆಗೆ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸಿದಾಗ ಸ್ಕ್ರೂ ಖಾಲಿ ತಿರುಗುವುದು) ಸಹಜ. ಅದಿರುವ ಮಷಿನ್ನಿನಲ್ಲಿ ಕಟರ್ ಜಾಬನ್ನು ತನ್ನತ್ತ ಎಳೆದುಕೊಳ್ಳುವ ದಿಕ್ಕಿನಲ್ಲಿ ಕಟ್ ಕೊಡಬಾರದು. ಅಷ್ಟೂ ಬ್ಯಾಕ್‌ಲ್ಯಾಶನ್ನು ಒಮ್ಮೆಲೇ ನುಂಗಿ ಕಟರ್ ಮುರಿಯುತ್ತದೆ.

ಕರೆಂಟು

ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಪೂರ್ತಿ ಲೋಡಿನಲ್ಲಿ 6ರಿಂದ 7 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣಕ್ಕೆ ಅದರ ಐದಾರು ಪಟ್ಟು. ಬೋರ್ಡಿನಿಂದ ನೇರ 2.5 ಚ.ಮಿ.ಮೀ. ತಾಮ್ರದ ವೈರ್, ಸಿ-ಟೈಪ್ 16 ಆಂಪಿಯರ್ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಎಕ್ಸ್‌ಟೆನ್ಶನ್ ಬಾಕ್ಸಿನಿಂದ ಲೇತ್ ಓಡಿಸಬಾರದು. ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ಮೋಟಾರಿನ ಬಲ ವರ್ಗದ ಲೆಕ್ಕದಲ್ಲಿ ಇಳಿದು ಸುಮಾರು ಮೂರನೇ ಒಂದು ಭಾಗ ಮಾಯವಾಗುತ್ತದೆ. ಕಟ್ ನಡುವೆ ಮಷಿನ್ ನಿಂತರೆ ಬೆಲ್ಟ್ ಬಿಗಿಸುವ ಮುನ್ನ ವೋಲ್ಟೇಜ್ ನೋಡಿ.

ಮೂರು ಫೇಸ್ ಮೋಟಾರ್ ಇರುವ ಮಷಿನ್ ಸಿಕ್ಕಿತೆಂದು ಹೆಸ್ಕಾಂಗೆ ಹೊಸ ಸಂಪರ್ಕಕ್ಕೆ ಅರ್ಜಿ ಹಾಕಲೇಬೇಕೆಂದಿಲ್ಲ. ಮೋಟಾರಿನ ಪ್ಲೇಟಿನ ಮೇಲೆ 230/400 ಎಂದಿದ್ದರೆ ಡೆಲ್ಟಾ ಜೋಡಿಸಿ, ಸಿಂಗಲ್ ಫೇಸ್ ಒಳಬಂದು ಮೂರು ಫೇಸ್ ಹೊರಹೋಗುವ ವಿಎಫ್‌ಡಿ ಹಾಕಬಹುದು. 20 ಹರ್ಟ್ಜ್ ಕೆಳಗೆ ಬಹಳ ಹೊತ್ತು ಓಡಿಸಬೇಡಿ. ಮೋಟಾರಿನ ಫ್ಯಾನ್ ನಿಧಾನವಾಗಿ ಮೋಟಾರ್ ಕಾಯುತ್ತದೆ. ಎರಡು ಮೋಟಾರಿನ ಕಾಂಬೊದಲ್ಲಿ ಲೇತ್ ಮತ್ತು ಮಿಲ್ ಒಟ್ಟಿಗೆ ಶುರುವಾಗದಂತೆ ಸೆಲೆಕ್ಟರ್ ಸ್ವಿಚ್ ಇರಲೇಬೇಕು.

ಫರಸಿ ಮತ್ತು ಎರಿ ಮಣ್ಣು

ಈ ಗಾತ್ರದ ಮಷಿನ್ 150ರಿಂದ 250 ಕೆ.ಜಿ. ತೂಗುತ್ತದೆ. ಇನ್ನೆಲ್ಲ ಸಮವಿದ್ದಾಗ ಹೆಚ್ಚು ತೂಗುವುದನ್ನೇ ಆರಿಸಿ. ಮೇಲ್ಮಹಡಿ ಬೇಡ. ಹಳೆಯ ಮನೆಗಳಲ್ಲಿ ಶಹಾಬಾದ್ ಫರಸಿ ಹಾಸಿರುತ್ತಾರೆ. ಅದರ ಕೆಳಗೆ ಎಲ್ಲೆಡೆ ಗಟ್ಟಿ ತುಂಬಿರುವುದಿಲ್ಲ, ಕೋಲಿನಿಂದ ಬಡಿದರೆ ಟೊಳ್ಳು ಸದ್ದು ಬರುವ ಜಾಗ ಗೊತ್ತಾಗುತ್ತದೆ. ಅಲ್ಲಿ ಸ್ಟ್ಯಾಂಡಿನ ಕಾಲು ಬಂದರೆ ಫರಸಿ ಸೀಳುತ್ತದೆ. ಮಷಿನ್ ನಿಲ್ಲುವಷ್ಟು ಫರಸಿ ತೆಗೆಸಿ, ಜಾಳಿಗೆ ಸಮೇತ 150 ಮಿ.ಮೀ. ಎಂ20 ಕಾಂಕ್ರೀಟ್ ಹಾಕಿಸಿ, ಸುತ್ತಲ ನೆಲಕ್ಕೆ ಅಂಟದಂತೆ ಥರ್ಮೊಕೋಲ್ ಪಟ್ಟಿ ಇಡಿ, ಕನಿಷ್ಠ 14 ದಿನ ನೀರು ಕುಡಿಸಿ.

ಧಾರವಾಡದ ಪಡುವಣದ ಮಸಾರಿ ನೆಲದವರಿಗೆ ಇಷ್ಟು ಸಾಕು. ಹುಬ್ಬಳ್ಳಿಯ ಮೂಡಲಕ್ಕೆ, ನವಲಗುಂದ, ಗದಗ ಕಡೆಯ ಎರಿ ಭೂಮಿಯವರ ಪಾಡು ಬೇರೆ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಜೊತೆ ನೆಲವೂ. ಮಾರ್ಚ್‌ನಲ್ಲಿ ಲೆವೆಲ್ ಮಾಡಿದ ಬೆಡ್ ಆಗಸ್ಟ್ ಹೊತ್ತಿಗೆ ಕೂದಲೆಳೆಯಷ್ಟು ತಿರುಚಿರಬಹುದು. ಅದಕ್ಕೇ ಮಷಿನ್ನನ್ನು ನೆಲಕ್ಕೆ ಬೋಲ್ಟ್ ಮಾಡಬೇಡಿ. 50×50×6 ಆ್ಯಂಗಲ್ಲಿನ ಗಟ್ಟಿ ಸ್ಟ್ಯಾಂಡ್ ಮಾಡಿಸಿ, ಕೆಳಗೆ ತಿರುಗಿಸಿ ಎತ್ತರ ಬದಲಿಸುವ ಎಂ16 ಕಾಲುಗಳನ್ನು ಹಾಕಿಸಿ. ಗೌಂಡಿಯ ಸ್ಪಿರಿಟ್ ಲೆವೆಲ್ ಇದಕ್ಕೆ ಮೊಂಡು. ಎರಡು ಕಾಲರ್ ಪರೀಕ್ಷೆಯೇ ನಿಮ್ಮ ಲೆವೆಲ್: ಟೇಲ್‌ಸ್ಟಾಕ್ ಕಡೆಯ ಕಾಲರ್ ದಪ್ಪ ಬಂದರೆ ಅದೇ ಕಡೆಯ, ನೀವು ನಿಲ್ಲುವ ಬದಿಯ ಕಾಲನ್ನು ತುಸು ಎತ್ತಿ. ಬೆಡ್ ಹಿಂದಕ್ಕೆ ವಾಲಿ ಟೂಲ್ ಜಾಬಿನತ್ತ ಸರಿಯುತ್ತದೆ. ತೆಳ್ಳಗೆ ಬಂದರೆ ಹಿಂಬದಿಯ ಕಾಲು ಎತ್ತಿ. ಒಮ್ಮೆಗೆ ಸುತ್ತಿನ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸುವುದು ಬೇಡ.

ದುಡ್ಡೆಲ್ಲ ಮಷಿನ್ನಿಗೇ ಸುರಿಯಬೇಡಿ

ಕೈಯಲ್ಲಿರುವ ಮೊತ್ತದ ಮೂರನೇ ಒಂದು ಭಾಗ ಟೂಲಿಂಗಿಗೆ ತೆಗೆದಿಡಿ. ಮೊದಲ ದಿನದಿಂದ ಬೇಕಾದವು: ನಾಲ್ಕು ಜಾ ಚಕ್, ಲೈವ್ ಸೆಂಟರ್, ಟೇಲ್‌ಸ್ಟಾಕಿಗೆ 13 ಮಿ.ಮೀ. ಡ್ರಿಲ್ ಚಕ್, ಸೆಂಟರ್ ಡ್ರಿಲ್ಲುಗಳು, 10 ಮಿ.ಮೀ. ಚೌಕದ ಎಚ್‌ಎಸ್‌ಎಸ್ ಬಿಟ್ ಐದಾರು, ಪಾರ್ಟಿಂಗ್ ಬ್ಲೇಡ್, 8 ಮತ್ತು 12ರ ಬೋರಿಂಗ್ ಬಾರ್, ಬೆಂಚ್ ಗ್ರೈಂಡರ್. ಮಿಲ್ಲಿಂಗಿಗೆ 80 ಮಿ.ಮೀ. ಅಗಲದ ತಗ್ಗು ವೈಸ್, ಇಆರ್-32 ಕಾಲೆಟ್ ಚಕ್, 6, 8, 10, 12 ಎಂಡ್ ಮಿಲ್ಲುಗಳು, ಟೇಬಲ್ಲಿನ ಸ್ಲಾಟಿಗೆ ಹೊಂದುವ ಟಿ-ನಟ್ ಸೆಟ್. ಕಾರ್ಬೈಡ್ ಇನ್ಸರ್ಟಿನ ಮೋಹ ಆಮೇಲೆ. ಹಗುರ ಮಷಿನ್ನಿಗೆ ಕಲ್ಲಿನ ಮೇಲೆ ಮಸೆದ ಎಚ್‌ಎಸ್‌ಎಸ್ಸೇ ಚಲೋ ಫಿನಿಶ್ ಕೊಡುತ್ತದೆ. 100 ಮಿ.ಮೀ. ವೈಸ್ ಚಂದ ಕಾಣುತ್ತದೆ, ಆದರೆ ಎತ್ತರವನ್ನು ತಿನ್ನುತ್ತದೆ. ಮೇಲಿನ 305ರ ಲೆಕ್ಕ ನೆನಪಿರಲಿ.

ಲೇತಿನಿಂದ ಮಿಲ್ಲಿಂಗಿಗೆ ಬದಲಿಸಲು ಟೂಲ್‌ಪೋಸ್ಟ್ ಬಿಚ್ಚಿ, ವೈಸ್ ಕೂರಿಸಿ, ಡಯಲ್ ಹಿಡಿದು ನೇರ ಮಾಡಲು 20 ನಿಮಿಷ ಹೋಗುತ್ತದೆ. ವೈಸಿನ ಅಡಿಗೆ ಟಿ-ಸ್ಲಾಟಿನಲ್ಲಿ ಬಿಗಿಯಾಗಿ ಕೂರುವ ಎರಡು ಕೀ ತಿರುಗುಪುಳಿಯಿಂದ ಬಿಗಿದಿಟ್ಟರೆ ಐದು ನಿಮಿಷಕ್ಕೆ ಇಳಿಯುತ್ತದೆ. ಮಿಲ್ಲಿಂಗ್ ಮಾಡುವಾಗ ಬೆಡ್ ಮತ್ತು ಲೀಡ್ ಸ್ಕ್ರೂ ಮೇಲೆ ರಬ್ಬರ್ ಶೀಟ್ ಹಾಸಿ. ಮಿಲ್ಲಿಂಗಿನ ಸೂಜಿಯಂಥ ಚಿಪ್ಸ್ ಕ್ಯಾರೇಜಿನ ಅಡಿ ಹೊಕ್ಕರೆ ಅರೆಯುವ ಕಲ್ಲಿನ ಕೆಲಸ ಮಾಡುತ್ತವೆ.

ಮಷಿನ್ ಮನೆಗೆ ಬಂದ ದಿನ ಅದಕ್ಕೆ ಮೆತ್ತಿರುವ ಗ್ರೀಸನ್ನು ಡೀಸೆಲ್, ಕಾಟನ್ ವೇಸ್ಟ್ ಹಿಡಿದು ಪೂರ್ತಿ ಒರೆಸಿ; ಅದು ತುಕ್ಕಿಗೆ ತಡೆ ಮಾತ್ರ, ಎಣ್ಣೆಯಲ್ಲ. ಸ್ಲೈಡುಗಳಿಗೆ 68 ನಂಬರಿನ ವೇ ಆಯಿಲ್ ಹಚ್ಚಿ. ಹೆಡ್‌ಸ್ಟಾಕಿನಲ್ಲಿ ಎಣ್ಣೆ ಇದೆಯೇ ಕಿಟಕಿಯಲ್ಲಿ ನೋಡಿ, ಎಷ್ಟೋ ಮಷಿನ್ ಒಣಗಿಯೇ ಬರುತ್ತವೆ. ಅತಿ ಕಡಿಮೆ ಸ್ಪೀಡಿನಲ್ಲಿ ಅರ್ಧ ಗಂಟೆ ಓಡಿಸಿ ಬೇರಿಂಗ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಬೇರಿಂಗ್ ಹೆಚ್ಚು ಬಿಗಿ. ಒಂದು ವಾರ ನಿಂತು ನೆಲೆಯಾದ ಮೇಲೆ ಎರಡು ಕಾಲರ್ ಮತ್ತೆ ತಿರುವಿ ಅಳೆಯಿರಿ. ಎರಿ ನೆಲದವರು ಜೂನ್ ಮಳೆ ಹಿಡಿದ ಮೇಲೆ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಹೀಗೆಯೇ ಅಳೆದು, ತಾರೀಖು ಸಮೇತ ಅಂಕಿಯನ್ನು ಚೇಂಜ್ ಗೇರ್ ಬಾಗಿಲಿನ ಒಳಗೆ ಪೆನ್ಸಿಲ್ಲಿನಿಂದ ಬರೆದಿಡಿ.